ಟಾಸ್ ಶಾಪವೂ ಮೂರನೇ ಮಗುವೂ

ಮಾನ್ಯ ಸಂಪಾದಕರೇ,

2025ರ ಡಿಸೆಂಬರ್ 6ರಂದು ವಿಶಾಖಪಟ್ಟಣದಲ್ಲಿ ನಮ್ಮ ಕೆ.ಎಲ್. ರಾಹುಲ್ ಎಡಗೈಯಲ್ಲಿ ನಾಣ್ಯ ಚಿಮ್ಮಿ ಟಾಸ್ ಗೆದ್ದರು. ಏಕದಿನ ಪಂದ್ಯಗಳಲ್ಲಿ ಭಾರತ ಅದಕ್ಕೂ ಮುಂಚೆ ಸತತ 20 ಟಾಸ್ ಸೋತಿತ್ತು. 2023ರ ವಿಶ್ವಕಪ್ ಫೈನಲ್‌ನಲ್ಲಿ ಶುರುವಾಗಿದ್ದು, ಮೂವರು ನಾಯಕರ ಕೈ ದಾಟಿ ಬಂದಿತ್ತು. ‘ಇಷ್ಟು ಸೋತ ಮೇಲೆ ಗೆಲ್ಲಲೇಬೇಕಿತ್ತು’ ಅಂತ ಕೆಲವರು, ‘ಹತ್ತು ಲಕ್ಷಕ್ಕೆ ಒಂದು ಸಲ ಆಗೋದು ಆಗಿದೆ, ಇದರಲ್ಲಿ ಏನೋ ಇದೆ, ಶಾಪವೇ ಇರಬೇಕು’ ಅಂತ ಇನ್ನು ಕೆಲವರು. ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಸುಮ್ನೆ ಇರೋಕೆ ಆಗಲಿಲ್ಲ. ಎರಡೂ ಮಾತು ತಪ್ಪು. ಅದೇ ತಪ್ಪು ಕ್ರಿಕೆಟ್ ಬಿಟ್ಟು ಮನೆಯೊಳಗೆ ಬಂದಾಗ ಅದರಿಂದ ನೋಯುವವರು ಬೇರೆಯೇ ಜನ.

ಸತತ 20 ಟಾಸ್ ಸೋಲುವ ಸಾಧ್ಯತೆ 10,48,576ಕ್ಕೆ ಒಂದು, ನಿಜ. ಆದರೆ ಅದು ಮೊದಲ ಟಾಸ್‌ಗೂ ಮುಂಚೆ ಕೂತು ಹಾಕಿದ ಲೆಕ್ಕ. 19 ಸೋತು ಮುಗಿದ ಮೇಲೆ ಇಪ್ಪತ್ತನೆಯದನ್ನು ಸೋಲುವ ಸಾಧ್ಯತೆ ಅರ್ಧಕ್ಕೆ ಅರ್ಧ, ಇಪ್ಪತ್ತೊಂದನೆಯದಕ್ಕೂ ಅಷ್ಟೇ, ಎಡಗೈ ಆದರೂ ಬಲಗೈ ಆದರೂ ಅಷ್ಟೇ. ‘ಹಾಗಾದ್ರೆ ಆವರೇಜ್ ಸರಿಹೋಗೋದು ಹೇಗೆ ಸರ್?’ ಅಂತ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇನ್ನು ಮುಂದೆ 1,000 ಟಾಸ್ ಆಯಿತು ಅಂದುಕೊಳ್ಳಿ, ಅದರಲ್ಲಿ 500 ಗೆದ್ದೆವು. ಒಟ್ಟು 1,020ರಲ್ಲಿ 500, ಅಂದರೆ ಶೇ 49. ಹಳೆಯ 20 ಸೋಲುಗಳಿಗೆ ಬದಲಾಗಿ ಒಂದೇ ಒಂದು ಗೆಲುವೂ ಹೆಚ್ಚಿಗೆ ಸಿಗಲಿಲ್ಲ, ಆದರೂ ಸರಾಸರಿ ಅರ್ಧದ ಹತ್ತಿರ ಬಂತು. ಆ ಸೋಲುಗಳು ದೊಡ್ಡ ಸಂಖ್ಯೆಯೊಳಗೆ ಮುಳುಗಿದವು, ಯಾರೂ ಅವನ್ನು ತೀರಿಸಲಿಲ್ಲ. ಇದೊಂದು ತಲೆಗೆ ಹೋದರೆ ಅರ್ಧ ಪಾಠ ಮುಗಿದ ಹಾಗೆ.

ಇನ್ನು ಆ ‘ಹತ್ತು ಲಕ್ಷಕ್ಕೆ ಒಂದು’. ಅದು ಒಂದೇ ತಂಡ, ಆ ತಂಡದ ಅದೇ 20 ಪಂದ್ಯಗಳನ್ನು ಮೊದಲೇ ಗುರುತು ಹಾಕಿಕೊಂಡು ಕೇಳಿದರೆ ಮಾತ್ರ ಸರಿ. ನಾವು ಹಾಗೆ ಮಾಡಿರಲಿಲ್ಲ ಅಲ್ವಾ? ಆದ ಮೇಲೆ ತಿರುಗಿ ನೋಡಿದೆವು. 1971ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಏಕದಿನ ಪಂದ್ಯ ನಡೆದಾಗಿನಿಂದ ಐದು ಸಾವಿರದ ಹತ್ತಿರ ಪಂದ್ಯಗಳಾಗಿವೆ, ಪ್ರತಿ ಟಾಸ್‌ಗೆ ಎರಡು ತಂಡ. ಇಷ್ಟರಲ್ಲಿ ಯಾವುದೋ ಒಂದು ತಂಡ, ಯಾವಾಗಲೋ ಒಮ್ಮೆ ಸತತ 20 ಸೋಲುವ ಸಾಧ್ಯತೆ ಲೆಕ್ಕ ಹಾಕಿದರೆ ಸುಮಾರು 200ಕ್ಕೆ ಒಂದು ಬರುತ್ತದೆ. ಸತತ 20 ಗೆದ್ದಿದ್ದರೂ ಇಷ್ಟೇ ಸುದ್ದಿಯಾಗುತ್ತಿತ್ತು, ಅದನ್ನೂ ಸೇರಿಸಿ, ಟೆಸ್ಟ್ ಮತ್ತು ಟಿ20 ಕೂಡ ಸೇರಿಸಿ ನೋಡಿ, 50ಕ್ಕೆ ಒಂದರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಪರೂಪವೇ, ಆದರೆ ಶಾಪ ಹುಡುಕುವಷ್ಟಲ್ಲ. ಇದೇ ಟಾಸ್ ಸೋಲುಗಳ ಸಾಲಿನ ನಡುವೆ ಭಾರತ 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಐದೂ ಟಾಸ್ ಸೋತು ಐದೂ ಪಂದ್ಯ ಗೆದ್ದು ಕಪ್ ತಂದಿತು ಅನ್ನುವುದನ್ನು ಶಾಪದ ಮಾತಾಡುವವರು ಹೇಳುವುದಿಲ್ಲ.

ಟಾಸ್ ವಿಷಯ ಇಷ್ಟಕ್ಕೇ ಮುಗಿದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ‘ಎರಡು ಹೆಣ್ಣಾಯ್ತಲ್ಲ, ಮೂರನೆಯದು ಗಂಡೇ, ನೋಡ್ತಿರು’ ಅನ್ನುವ ಮಾತು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕೇಳಿಲ್ಲ? ಸಹಜವಾಗಿ 100 ಹೆಣ್ಣು ಮಕ್ಕಳಿಗೆ ಸುಮಾರು 105 ಗಂಡು ಮಕ್ಕಳು ಹುಟ್ಟುತ್ತಾರೆ. ಅಂದರೆ ಹೆಚ್ಚು ಕಡಿಮೆ ಅರ್ಧಕ್ಕೆ ಅರ್ಧ, ಮುಂಚೆ ಎಷ್ಟು ಹೆಣ್ಣು ಹುಟ್ಟಿದ್ದರೂ ಮುಂದಿನದಕ್ಕೆ ಅದೇ ಅರ್ಧ. ಹೇಳುವ ಹಿರಿಯರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಆಸೆ ಹುಟ್ಟಿಸಿ, ಬಸುರಿಯ ಮೈಗೆ ಇನ್ನೊಂದು ಹೆರಿಗೆಯ ಭಾರ ಹಾಕಿ, ಮತ್ತೆ ಹೆಣ್ಣಾದರೆ ಅವಳನ್ನೇ ದೂರುತ್ತಾರೆ. ಮಗು ಹೆಣ್ಣೋ ಗಂಡೋ ಅನ್ನುವುದನ್ನು ನಿರ್ಧರಿಸುವ ಎಕ್ಸ್ ಅಥವಾ ವೈ ಕ್ರೋಮೋಸೋಮ್ ತಂದೆಯಿಂದ ಬರುತ್ತದೆ ಅನ್ನುವುದು ಹೈಸ್ಕೂಲ್ ಪುಸ್ತಕದಲ್ಲೇ ಇದೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಮಟ್ಕಾ ಚಾರ್ಟ್ ಹಿಡಿದು ‘ಈ ನಂಬರ್ ಬಹಳ ದಿನದಿಂದ ಬಂದಿಲ್ಲ, ಇವತ್ತು ಬರುತ್ತೆ’ ಅಂತ ಕೂಲಿ ದುಡ್ಡು ಹಾಕುವವರದ್ದೂ ಇದೇ ಲೆಕ್ಕ. ಓದಿದವರೂ, ದುಡ್ಡಿದ್ದವರೂ ಇದರಲ್ಲಿ ಬಿದ್ದಿದ್ದಾರೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ರೂಲೆಟ್ (ಕೆಂಪು-ಕಪ್ಪು ಮನೆಗಳಿರುವ ತಿರುಗುವ ಚಕ್ರದ ಜೂಜು) ಚೆಂಡು ಸತತ 26 ಸಲ ಕಪ್ಪಿನ ಮೇಲೆ ನಿಂತಿತು. ಇನ್ನು ಕೆಂಪು ಬರಲೇಬೇಕು ಅಂತ ಪ್ರತಿ ಸಲ ಜಾಸ್ತಿ ಜಾಸ್ತಿ ಹಾಕಿದವರು ಅಪಾರ ಹಣ ಕಳೆದುಕೊಂಡರು.

ಇನ್ನೊಂದು ವಿಷಯ, ಆರೋಗ್ಯ ತಪಾಸಣೆಯ ಪ್ಯಾಕೇಜ್‌ಗಳು. ‘ಶೇ 99 ನಿಖರ’ ಅಂತ ಇದ್ದರೆ ಪಾಸಿಟಿವ್ ಬಂದವರಿಗೆ ಶೇ 99 ರೋಗ ಇದೆ ಅಂತಲೇ ಎಲ್ಲರೂ ತಿಳಿಯುತ್ತಾರೆ. ಸಾವಿರಕ್ಕೆ ಒಬ್ಬರಿಗೆ ಬರುವ ಒಂದು ಕಾಯಿಲೆ ಅಂತಿಟ್ಟುಕೊಳ್ಳಿ. ಲಕ್ಷ ಜನರಲ್ಲಿ 100 ಮಂದಿಗೆ ರೋಗ, ಅವರಲ್ಲಿ 99 ಜನ ಸಿಕ್ಕಿಬೀಳುತ್ತಾರೆ. ಉಳಿದ 99,900 ಜನ ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಂತೆ 999 ಜನಕ್ಕೆ ತಪ್ಪಾಗಿ ಪಾಸಿಟಿವ್. ಒಟ್ಟು 1,098 ಪಾಸಿಟಿವ್‌ಗಳಲ್ಲಿ ನಿಜವಾದ ರೋಗಿಗಳು 99, ಅಂದರೆ ನೂರಕ್ಕೆ ಒಂಬತ್ತು. ಯಾವ ಲಕ್ಷಣವೂ ಇಲ್ಲದೆ ಸುಮ್ನೆ ಪರೀಕ್ಷೆ ಮಾಡಿಸಿದವರಿಗೆ ಈ ಲೆಕ್ಕ ಬಹಳ ಮುಖ್ಯ. ಡಾಕ್ಟರು ಇನ್ನೊಂದು ಪರೀಕ್ಷೆ ಬರೆದುಕೊಟ್ಟಾಗ ದುಡ್ಡು ಮಾಡೋಕೆ ಅಂತ ಬೈಯುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಮೊದಲ ರಿಪೋರ್ಟ್ ನೋಡಿಯೇ ರಾತ್ರಿಯೆಲ್ಲ ಅಳುವ ಮನೆಯವರಿಗೂ ಗೊತ್ತಿರುವುದಿಲ್ಲ.

ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟು. ‘ಲಕ್ಷಕ್ಕೆ ಒಂದು’ ಅಂತ ಬರೆಯುವಾಗ ಒಟ್ಟು ಎಷ್ಟು ಲಕ್ಷ ಸಲ ನೋಡಿದ್ದು ಅಂತಲೂ ಬರೆಯಿರಿ. ಕ್ರೀಡಾ ಪುಟದಲ್ಲಿ ‘ಟಾಸ್ ಶಾಪ’ ಅನ್ನುವ ಶೀರ್ಷಿಕೆ ಬೇಡ. ಆರೋಗ್ಯ ಪುಟದಲ್ಲಿ ಪರೀಕ್ಷೆಯ ನಿಖರತೆ ಹೇಳುವಾಗ, ಪಾಸಿಟಿವ್ ಬಂದ ನೂರು ಜನರಲ್ಲಿ ನಿಜವಾಗಿ ಎಷ್ಟು ಮಂದಿಗೆ ಕಾಯಿಲೆ ಇರುತ್ತದೆ ಅಂತ ತಜ್ಞರನ್ನು ಕೇಳಿ ಒಂದು ಸಾಲು ಸೇರಿಸಿ.

— ಒಬ್ಬ ಉಪನ್ಯಾಸಕ, ದಾವಣಗೆರೆ