ಜೇನ್ ಐರ್ ಮದೀರಾಕ್ಕೆ ಬರೆದ ಕಾಗದ

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನೀನು ಎರಡು ವಿಷಯ ಬರೆದಿದ್ದೀಯ. ಒಂದು, ಷಾರ್ಲೆಟ್ ಬ್ರಾಂಟೆಯ 'ಜೇನ್ ಐರ್' ಓದಿ ಮುಗಿಸಿ ಸಿಟ್ಟು ಬಂತು ಅಂತ. ಅಷ್ಟೆಲ್ಲ ಎದುರು ನಿಂತ ಹುಡುಗಿ ಕೊನೆಗೆ ಅದೇ ಯಜಮಾನನನ್ನು ಮದುವೆಯಾಗುತ್ತಾಳೆ, ಇದ್ಯಾವ ಸೀಮೆ ಸ್ತ್ರೀವಾದ ಅಂತ ಕೇಳಿದ್ದೀಯ. ಇನ್ನೊಂದು, ನಿನಗೆ ಬಂದಿರುವ ಸಂಬಂಧ. ಅನುಕೂಲಸ್ಥರು, "ನಮಗೇನೂ ಬೇಡ, ಹುಡುಗಿ ಕೆಲಸಕ್ಕೂ ಹೋಗಬೇಕಾಗಿಲ್ಲ" ಅಂದರಂತೆ. ಎರಡಕ್ಕೂ ಸೇರಿಸಿಯೇ ಬರೆಯುತ್ತೇನೆ.

ಆ ಪುಸ್ತಕದಲ್ಲಿ ಎಲ್ಲರೂ ಪ್ರೀತಿ ನೋಡುತ್ತಾರೆ. ನೀನು ಒಂದು ಸಲ ದುಡ್ಡಿನ ಲೆಕ್ಕ ನೋಡಿಕೊಂಡು ಓದು. ಹತ್ತು ವರ್ಷದ ಅನಾಥ ಹುಡುಗಿ ಜೇನ್ ಕಿಟಕಿ ಹತ್ತಿರ ಪುಸ್ತಕ ಹಿಡಿದು ಕೂತರೆ, ಅತ್ತೆಯ ಮಗ ಬಂದು ಇದು ನಮ್ಮ ಪುಸ್ತಕ, ನೀನು ನಮ್ಮ ಮನೆ ಅನ್ನ ತಿನ್ನುವವಳು, ನಿನ್ನಪ್ಪ ನಿನಗೆ ಬಿಡಿಗಾಸು ಬಿಟ್ಟು ಹೋಗಿಲ್ಲ ಅಂತ ಹಂಗಿಸಿ ಅದೇ ಪುಸ್ತಕ ಅವಳ ಮೇಲೆ ಎಸೆಯುತ್ತಾನೆ. ಮನೆಯ ಆಳು ಕೂಡ, ನೀನು ಕೆಲಸದವರಿಗಿಂತ ಕಡೆ, ತಿಂದಿದ್ದಕ್ಕೆ ದುಡಿಯುವುದೂ ಇಲ್ಲ ಅನ್ನುತ್ತಾಳೆ. ಮುಂದೆ ಲೋವುಡ್ ಶಾಲೆಯಲ್ಲಿ ಟೀಚರ್ ಆದಾಗ ವರ್ಷಕ್ಕೆ 15 ಪೌಂಡ್. ಥಾರ್ನ್‌ಫೀಲ್ಡ್ ಅನ್ನುವ ದೊಡ್ಡ ಮನೆಯಲ್ಲಿ ಗವರ್ನೆಸ್, ಅಂದರೆ ಮನೆಯಲ್ಲೇ ಇದ್ದು ಮಗುವಿಗೆ ಪಾಠ ಹೇಳುವವಳು, ಆದಾಗ 30. ಇದು ಸುಮ್ನೆ ಕಟ್ಟಿದ ಲೆಕ್ಕವಲ್ಲ. ಬ್ರಾಂಟೆ ತಾನೇ ಗವರ್ನೆಸ್ ಆಗಿದ್ದವಳು. ಒಂದು ಮನೆಯಲ್ಲಿ ಹೇಳಿದ್ದು 20 ಪೌಂಡ್, ಬಟ್ಟೆ ಒಗೆಸಿದ ಖರ್ಚು ಮುರಿದುಕೊಂಡು ಕೈಗೆ ಬಂದದ್ದು 16.

ಗವರ್ನೆಸ್ ಅಂದರೆ ಅತ್ತ ಆಳೂ ಅಲ್ಲ, ಇತ್ತ ಮನೆಯವಳೂ ಅಲ್ಲ. ಅಲ್ಲಿಗೆ ಅತಿಥಿಗಳಾಗಿ ಬಂದ ದೊಡ್ಡ ಮನೆತನದ ಬ್ಲಾಂಚ್ ಇಂಗ್ರಾಂ ಮತ್ತು ಅವಳ ತಾಯಿ, ಜೇನ್ ಅದೇ ಕೋಣೆಯಲ್ಲಿ ಕೂತಿರುವಾಗಲೇ ಗವರ್ನೆಸ್‌ಗಳನ್ನು ಆಡಿಕೊಂಡು ನಗುವುದು ನೆನಪಿದೆ ಅಲ್ವಾ? ಅವಳು ಅಲ್ಲಿ ಇದ್ದಾಳೆ ಅನ್ನುವುದು ಅವರಿಗೆ ಲೆಕ್ಕಕ್ಕೇ ಇಲ್ಲ.

ಈಗ 24ನೇ ಅಧ್ಯಾಯ ತೆಗೆ. ಥಾರ್ನ್‌ಫೀಲ್ಡ್ ಯಜಮಾನ ರೋಚೆಸ್ಟರ್ ಜೊತೆ ಜೇನ್‌ಳ ಮದುವೆ ಗೊತ್ತಾಗಿದೆ. ರೋಚೆಸ್ಟರ್ ಅವಳನ್ನು ಗಾಡಿಯಲ್ಲಿ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿ ಆರು ಉಡುಪಿಗೆ ಆಗುವಷ್ಟು ಬಟ್ಟೆ ಆರಿಸು ಅನ್ನುತ್ತಾನೆ. ಅವಳು ಬೇಡ ಬೇಡ ಅಂತ ಎರಡಕ್ಕೆ ಇಳಿಸುತ್ತಾಳೆ. ಅವನ ಕಣ್ಣು ನೇರಳೆ ರೇಷ್ಮೆಯ ಮೇಲೆ, ಗುಲಾಬಿ ಸ್ಯಾಟಿನ್ ಮೇಲೆ. ಹಟ ಹಿಡಿದು ಅವಳು ತೆಗೆದುಕೊಂಡದ್ದು ಒಂದು ಕಪ್ಪು, ಇನ್ನೊಂದು ಬೂದು. ಅವನು ಕೊಡಿಸಿದಷ್ಟೂ ಅವಳ ಮುಖ ಅವಮಾನದಿಂದ ಕಾಯುತ್ತದೆ. ಅವನು ಕೆಟ್ಟವನು ಅಂತಲ್ಲ ಕಣೇ, ಪ್ರೀತಿಯಿಂದಲೇ ಕೊಡಿಸುತ್ತಿದ್ದಾನೆ. ಆದರೆ ಅವಳ ಕೈಯಲ್ಲಿ ತನ್ನದು ಅಂತ ಏನೂ ಇಲ್ಲ. ಆಗ ಅವಳು ಎರಡು ಕೆಲಸ ಮಾಡುತ್ತಾಳೆ. ಮದುವೆಯಾದ ಮೇಲೂ ಮನೆಯಲ್ಲಿರುವ ಆ ಮಗುವಿಗೆ ಪಾಠ ಹೇಳುತ್ತೇನೆ, ಅದೇ 30 ಪೌಂಡ್ ಸಂಬಳ ಕೊಡು, ನನ್ನ ಬಟ್ಟೆ ನಾನು ಕೊಳ್ಳುತ್ತೇನೆ ಅನ್ನುತ್ತಾಳೆ. ಅವನು ನಗುತ್ತಾನೆ. ಎರಡನೆಯದು, ಮದೀರಾ ದ್ವೀಪದಲ್ಲಿರುವ ಚಿಕ್ಕಪ್ಪನಿಗೆ ನಾನು ಬದುಕಿದ್ದೇನೆ, ಮದುವೆಯಾಗುತ್ತಿದ್ದೇನೆ ಅಂತ ಕಾಗದ ಬರೆಯುತ್ತಾಳೆ. ಹಿಂದೆ ಆ ಚಿಕ್ಕಪ್ಪ ಇವಳನ್ನು ಕರೆಸಿಕೊಳ್ಳಲು ನೋಡಿದಾಗ, ಅವಳು ಸತ್ತೇ ಹೋದಳು ಅಂತ ಉತ್ತರ ಹಾಕಿದ್ದಳು ಆ ಪುಣ್ಯಾತ್ಗಿತ್ತಿ ಅತ್ತೆ.

ಆ ಕಾಗದ ಏನು ಮಾಡಿತು ನೋಡು. ಅದು ತಲುಪಿದಾಗ ಚಿಕ್ಕಪ್ಪನ ಮನೆಯಲ್ಲಿ ಜಮೈಕಾದ ಮೇಸನ್ ಇದ್ದ. ರೋಚೆಸ್ಟರ್ ಮುಚ್ಚಿಟ್ಟಿದ್ದ, ಇನ್ನೂ ಬದುಕಿದ್ದ ಹೆಂಡತಿ ಬರ್ತಾಳ ಸೋದರ ಅವನು. ಅಲ್ಲಿಂದಲೇ ಗುಟ್ಟು ರಟ್ಟಾಗಿ, ಮದುವೆಯ ಹೊತ್ತಿಗೆ ಚರ್ಚಿನಲ್ಲಿ ಲಾಯರ್ ನಿಂತು ಈ ಮದುವೆ ನಡೆಯುವ ಹಾಗಿಲ್ಲ ಅಂದ. ಸ್ವಂತ ಕಾಸು ಇರಲಿ ಅಂತ ಬರೆದ ನಾಲ್ಕು ಸಾಲು ಅವಳನ್ನು ಕಳ್ಳ ಮದುವೆಯಿಂದ ಉಳಿಸಿತು. ನನಗೆ ಇಡೀ ಕಾದಂಬರಿಯ ಕೀಲು ಇದೇ ಅನ್ನಿಸುತ್ತದೆ.

ಬರ್ತಾಳ ಕಥೆಯನ್ನೂ ಪಕ್ಕದಲ್ಲೇ ಇಟ್ಟುಕೋ. ಅವಳು ತಂದದ್ದು 30,000 ಪೌಂಡ್. ದುಡ್ಡು ಗಂಡನಿಗೆ ಸೇರಿತು, ಅವಳು ಮೂರನೇ ಅಂತಸ್ತಿನ ಕೋಣೆ ಸೇರಿದಳು. ಅವಳಿಗೆ ಹುಚ್ಚು ಅಂತ ಹೇಳುವವನೂ ಆ ಗಂಡನೇ. ಬ್ರಾಂಟೆ ಅವಳ ಬಾಯಿಂದ ನೇರವಾಗಿ ಒಂದು ಮಾತೂ ಆಡಿಸಲಿಲ್ಲ. ನಿನ್ನ ಸಿಟ್ಟು ಈ ಕಡೆ ತಿರುಗಿದ್ದರೆ ನಾನು ನಿನ್ನ ಪಕ್ಷ.

ಆಮೇಲಿನದೆಲ್ಲ ನಿನಗೆ ಗೊತ್ತೇ ಇದೆ: ಜೇನ್ ಥಾರ್ನ್‌ಫೀಲ್ಡ್ ಬಿಟ್ಟು ಓಡಿಹೋಗಿದ್ದು, ಹಂದಿಗೆ ಹಾಕಲಿದ್ದ ಗಂಜಿ ಬೇಡಿ ತಿಂದಿದ್ದು, ಮಾರ್ಟನ್ ಹಳ್ಳಿಯಲ್ಲಿ ಶಾಲೆ. ಅಲ್ಲೊಂದು ಕಡೆ, ರೈತರ ಮಕ್ಕಳಿಗೆ ಪಾಠ ಹೇಳಿ ತಾನು ಕೆಳಗಿಳಿದೆ ಅಂತ ಜೇನ್‌ಗೆ ಅನ್ನಿಸುತ್ತದೆ. ಅಂತಸ್ತಿನ ರೋಗ ಅವಳನ್ನೂ ಬಿಟ್ಟಿಲ್ಲ. ಒಪ್ಪಿಕೊಳ್ಳುತ್ತಾಳೆ ಅನ್ನುವುದಷ್ಟೇ ಅವಳ ದೊಡ್ಡತನ.

ನನಗೆ ರೋಚೆಸ್ಟರಿಗಿಂತ ಜಾಸ್ತಿ ಹೆದರಿಕೆ ಸೇಂಟ್ ಜಾನ್ ರಿವರ್ಸ್‌ನದು. ಜೇನ್‌ಳ ಸೋದರತ್ತೆ ಮಗ, ನಮ್ಮಲ್ಲಾದರೆ ವರಸೆಯಾಗುವವನು. ಪಾದ್ರಿ. ಕುಡಿತವಿಲ್ಲ, ಸುಳ್ಳಿಲ್ಲ, ಊರಿಗೇ ಒಳ್ಳೆಯವನು. ಮಿಷನರಿಯಾಗಿ ಇಂಡಿಯಾಕ್ಕೆ ಹೊರಟಿದ್ದಾನೆ. ಜೇನ್ ಕಲಿಯುತ್ತಿದ್ದ ಜರ್ಮನ್ ಬಿಡಿಸಿ ಹಿಂದೂಸ್ತಾನಿ ಹಿಡಿಸುತ್ತಾನೆ. ಆಮೇಲೆ ಮದುವೆಯಾಗು ಅನ್ನುತ್ತಾನೆ, ಪ್ರೀತಿಗಲ್ಲ, ದೇವರ ಕೆಲಸಕ್ಕೆ. ತಂಗಿಯಾಗಿ ಬರುತ್ತೇನೆ ಅಂದರೆ ಆಗುವುದಿಲ್ಲ, ಹೆಂಡತಿಯೇ ಆಗಬೇಕು. ಬೇಡ ಅಂದರೆ ದೇವರಿಗೇ ಬೇಡ ಅಂದ ಹಾಗೆ. ರೇಷ್ಮೆ ಕೊಡಿಸುವವನನ್ನು ತಡೆಯಬಹುದು, ಕರ್ತವ್ಯದ ಹೆಸರು ಹೇಳುವವನನ್ನು ತಡೆಯುವುದು ಕಷ್ಟ. ಜೇನ್ ಕೂಡ ಇನ್ನೇನು ಹೂಂ ಅಂದೇಬಿಡುತ್ತಿದ್ದಳು. ಬ್ರಾಂಟೆಗೂ 1839ರಲ್ಲಿ ಹೆನ್ರಿ ನಸ್ಸಿ ಅನ್ನುವ ಪಾದ್ರಿಯೊಬ್ಬ ಮದುವೆ ಪ್ರಸ್ತಾಪ ಕಳಿಸಿದ್ದ. ಆಗಲ್ಲ ಅಂದುಬಿಟ್ಟಳು.

ಅಷ್ಟರಲ್ಲಿ ಜೇನ್‌ಗೆ ಚಿಕ್ಕಪ್ಪನ 20,000 ಪೌಂಡ್ ಬಂದಿತ್ತು. ನಾಲ್ಕು ಪಾಲು ಮಾಡಿ ತಾನು 5,000 ಇಟ್ಟುಕೊಂಡಳು. ರೋಚೆಸ್ಟರನ ಹತ್ತಿರ ವಾಪಸ್ ಹೋದಾಗ ಅವಳ ಮಾತು ನೋಡು: ನನಗೆ ದುಡ್ಡಿದೆ, ನನ್ನ ಯಜಮಾನಿ ನಾನೇ, ನೀನು ಇರಿಸಿಕೊಳ್ಳದಿದ್ದರೆ ಪಕ್ಕದಲ್ಲೇ ಮನೆ ಕಟ್ಟಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಥಾರ್ನ್‌ಫೀಲ್ಡ್‌ಗೆ ಬೆಂಕಿ ಬಿದ್ದು ಬರ್ತಾ ಸತ್ತಿದ್ದಾಳೆ, ಅವನಿಗೆ ಕಣ್ಣು, ಒಂದು ಕೈ ಹೋಗಿದೆ. ಅವನು ಸೋತ ಮೇಲೆ ಇವಳು ಒಪ್ಪಿದಳು ಅಂತ ನೀನು ಬರೆದಿದ್ದೀಯ. ಇವಳು ಸಾಕಿಸಿಕೊಳ್ಳುವ ಸ್ಥಿತಿಯಿಂದ ಎದ್ದ ಮೇಲೆ ಒಪ್ಪಿದಳು ಅಂತ ನಾನು ಓದುತ್ತೇನೆ.

ಆದರೆ ಒಂದು ತೊಡಕಿದೆ. ಕಾದಂಬರಿ ಬಂದದ್ದು 1847ರಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ತಾಳಿ ಕಟ್ಟಿಸಿಕೊಂಡ ಕೂಡಲೇ, ಅಂದರೆ ಉಂಗುರ ಹಾಕಿಸಿಕೊಂಡ ಕೂಡಲೇ, ಹೆಂಗಸಿನ ದುಡ್ಡು ಗಂಡನದು. 1870ರ ಕಾಯಿದೆ ಅವಳ ಸಂಬಳವನ್ನು ಅವಳಿಗೆ ಬಿಟ್ಟಿತು, ಆಸ್ತಿ ಅವಳದಾದದ್ದು 1882ರ ಕಾಯಿದೆಯಿಂದ. ಜೇನ್‌ಳ 5,000 ಏನಾಯಿತು ಅಂತ ಪುಸ್ತಕ ಹೇಳುವುದಿಲ್ಲ. ಬ್ರಾಂಟೆ ಮಾತ್ರ ಜಾಣೆ. 1854ರಲ್ಲಿ ಆರ್ಥರ್ ನಿಕೋಲ್ಸ್‌ನನ್ನು ಮದುವೆಯಾಗುವ ಮುಂಚೆ ಕರಾರುಪತ್ರ ಮಾಡಿಸಿ, ತನ್ನ ದುಡ್ಡನ್ನು ಟ್ರಸ್ಟಿಗೆ ಒಪ್ಪಿಸಿ, ಅದು ತನ್ನ ಉಪಯೋಗಕ್ಕೇ ಇರುವ ಹಾಗೆ ನೋಡಿಕೊಂಡಳು. ಗಂಡನನ್ನು ಪ್ರೀತಿಸಿದಳು ಕೂಡ. ಎರಡೂ ಒಟ್ಟಿಗೆ ಆಗುತ್ತದೆ.

ಇನ್ನು ನಿನ್ನ ವಿಷಯ. ಹುಡುಗ ಒಳ್ಳೆಯವನೇ ಇರಬಹುದು, ಬೇಡ ಅನ್ನು ಅಂತ ನಾನು ಹೇಳುತ್ತಿಲ್ಲ. ಹೋಗಬೇಕಾಗಿಲ್ಲ ಅಂದವರು, ಹೋಗುತ್ತೇನೆ ಅಂದರೆ ಏನನ್ನುತ್ತಾರೆ? ಇದನ್ನು ಅಪ್ಪನ ಕೈಲಿ ಕೇಳಿಸಬೇಡ, ನೀನೇ ಹುಡುಗನನ್ನು ಕೇಳು. ಅವನು ನಕ್ಕರೆ ಆ ನಗು ಎಂಥದ್ದು ಅಂತ ಗಮನಿಸು. ಈಗಿರುವ ಕೆಲಸಕ್ಕೆ ರಾಜೀನಾಮೆ ಮಾತ್ರ ಬರೆಯಬೇಡ. ಸಂಬಳದ ಖಾತೆ ನಿನ್ನೊಬ್ಬಳ ಹೆಸರಿನಲ್ಲೇ ಇರಲಿ. ಮನೆ ಮರ್ಯಾದೆ, ಹಿರಿಯರ ಆಸೆ ಅಂತ ಯಾರಾದರೂ ಶುರು ಮಾಡಿದರೆ, ಅದು ನಿನ್ನಮ್ಮನೇ ಆದರೂ, ನನಗೆ ಫೋನ್ ಮಾಡು. ನನ್ನ ತಂಗಿಯ ಹತ್ತಿರ ನಾನು ಮಾತಾಡುತ್ತೇನೆ.

ನಿನ್ನ
ದೊಡ್ಡಮ್ಮ