ಟೇಬಲ್ ಸಾ ಮೇಲೆ ಮೊದಲು ಮಾಡಬೇಕಾದ್ದು ಜಿಗ್

ಸಂಪಾದಕರಿಗೆ ನಮಸ್ಕಾರ.

ಮನೆಯಲ್ಲೇ ಮರಗೆಲಸ ಮಾಡುವವರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹ ಬರುತ್ತದೆ. ಖುಷಿಯಿಂದ ಓದುತ್ತೇನೆ. ಆದರೆ ಅಲ್ಲಿ ಕಾಣುವುದು ಮುಗಿದ ಕಪಾಟು, ಮುಗಿದ ಸ್ಟೂಲು, ಪಾಲಿಶ್ ಹಚ್ಚಿದ ಮೇಜು. ಆ ಮೇಜಿನ ಕಾಲನ್ನು ಓರೆಯಾಗಿ ಕೊಯ್ಯುವಾಗ ಮರವನ್ನು ಯಾವುದು ಹಿಡಿದಿತ್ತು, ಕೆಲಸ ಮಾಡುವವರ ಕೈ ಎಲ್ಲಿತ್ತು ಅನ್ನುವುದು ಒಂದು ಸಾಲಿನಲ್ಲೂ ಇರುವುದಿಲ್ಲ. ಓದಿದವರು ಚಿತ್ರ ನೋಡಿ, ಗರಗಸ ತಂದು, ಅದೇ ದಿನ ಸ್ಟೂಲು ಮಾಡಲು ಕೂರುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಟೇಬಲ್ ಸಾ, ಅಂದರೆ ಮೇಜಿನ ಮಧ್ಯದಿಂದ ದುಂಡು ಬ್ಲೇಡು ಮೇಲೆ ಬಂದಿರುವ ಗರಗಸ ತಂದವರು ಅದರ ಮೇಲೆ ಮೊದಲು ಮಾಡಬೇಕಾದ್ದು ಜಿಗ್. ಇದನ್ನು ಹೇಳುವುದಕ್ಕೇ ಈ ಪತ್ರ. ಜಿಗ್ ಅಂದರೆ ಮರದ ತುಂಡನ್ನು ಬ್ಲೇಡಿನ ಮುಂದೆ ಒಂದೇ ದಾರಿಯಲ್ಲಿ, ಒಂದೇ ಕೋನದಲ್ಲಿ ಹಿಡಿದುಕೊಂಡು ಹೋಗುವ ಸರಳವಾದ ಆಸರೆ. ಮೂಲೆಯಲ್ಲಿ ಬಿದ್ದಿರುವ ಪ್ಲೈವುಡ್ ತುಂಡು, ಒಂದಷ್ಟು ಸ್ಕ್ರೂ, ಸ್ವಲ್ಪ ಅಂಟು ಇದ್ದರೆ ಆಗುತ್ತದೆ. ಅಳತೆ ಸರಿಯಾಗಿ ಬರಲಿ ಅಂತ ಜಿಗ್ ಮಾಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ನಮ್ಮ ಬೆರಳು.

ನನಗೆ ಇದು ಗೊತ್ತಾಗಿದ್ದು ಒಂದು ಗಿಡ್ಡ, ಅಗಲವಾದ ಹಲಗೆಯಿಂದ. ಅದನ್ನು ಅಡ್ಡಕ್ಕೆ ಕೊಯ್ಯಬೇಕಿತ್ತು. ಫೆನ್ಸಿಗೆ, ಅಂದರೆ ಮೇಜಿನ ಮೇಲೆ ಬ್ಲೇಡಿನ ಪಕ್ಕಕ್ಕೆ ನೇರವಾಗಿ ನಿಲ್ಲುವ ಪಟ್ಟಿಗೆ ಒತ್ತಿ ಹಿಡಿದು ಬರಿಗೈಯಲ್ಲಿ ತಳ್ಳಿದೆ. ಅರ್ಧ ದಾಟುವಷ್ಟರಲ್ಲಿ ಹಲಗೆ ಒಂದು ಚೂರು ತಿರುಗಿತು. ಬ್ಲೇಡಿನ ಹಿಂಬದಿಯ ಹಲ್ಲುಗಳು ಮೇಲಕ್ಕೆ ಏಳುತ್ತಾ ಬರುತ್ತವೆ ಅಲ್ವಾ, ಅವು ಹಲಗೆಯ ಅಂಚನ್ನು ಕಚ್ಚಿ, ಎತ್ತಿ, ನೇರ ನನ್ನ ಕಡೆಗೆ ಎಸೆದವು. ಹೊಟ್ಟೆಗೆ ಬಡಿಯಿತು. ಆ ನೋವು ಕೆಲವು ದಿನಕ್ಕೆ ಹೋಯಿತು. ಹೋಗದೆ ಉಳಿದಿದ್ದು ಬೇರೆಯದು: ಹಲಗೆ ತಿರುಗಿದ ಕಡೆಗೇ ನನ್ನ ಎಡಗೈಯೂ ಎಳೆದುಕೊಂಡು ಹೋಗಿತ್ತು, ಕೈ ನಿಂತ ಜಾಗಕ್ಕೂ ಬ್ಲೇಡಿಗೂ ಮಧ್ಯೆ ಎರಡು ಬೆರಳಗಲ ಮಾತ್ರ ಇತ್ತು.

10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 53 ಮೀಟರ್ ಓಡುತ್ತದೆ. ಗಂಟೆಗೆ ಲೆಕ್ಕ ಹಾಕಿದರೆ 190 ಕಿಲೋಮೀಟರ್. ನೋಡಿ ಕೈ ಹಿಂದೆಗೆದುಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಬೆರಳು ತಾಗಿದ ಕೂಡಲೇ ಬ್ಲೇಡು ನಿಲ್ಲುವ ಸಾಸ್ಟಾಪ್‌ನಂಥ ಯಂತ್ರಗಳು ಬಂದಿವೆ, ಒಳ್ಳೆಯದು. ಆದರೆ ಮರ ಹಿಂದಕ್ಕೆ ಚಿಮ್ಮುವುದನ್ನು ಅವೂ ತಡೆಯುವುದಿಲ್ಲ. ಅದಕ್ಕೆ ಬ್ಲೇಡಿನ ಹಿಂದೆ ನಿಂತು, ಸೀಳಿದ ಸಂದು ಮುಚ್ಚಿಕೊಳ್ಳದಂತೆ ತಡೆಯುವ ತೆಳು ತಗಡು, ರೈವಿಂಗ್ ನೈಫ್ ಬೇಕು, ಮರ ತಿರುಗದ ಹಾಗೆ ಹಿಡಿಯುವ ಜಿಗ್ ಬೇಕು.

ಜಿಗ್ ಮಾಡುವ ಮುಂಚೆ ಒಂದು ಕೆಲಸ ಇದೆ. ಮೇಜಿನ ಮೇಲೆ ಕೊರೆದಿರುವ ಉದ್ದ ಸ್ಲಾಟಿಗೆ ಬ್ಲೇಡು ಸಮಾನಾಂತರವಾಗಿದೆಯೇ ನೋಡಬೇಕು. ಪ್ಲಗ್ ಕಿತ್ತುಹಾಕಿ. ಒಂದು ಹಲ್ಲಿಗೆ ಗುರುತು ಹಾಕಿ, ಮುಂದಿನ ತುದಿಯಲ್ಲಿ ಸ್ಲಾಟಿನಿಂದ ಆ ಹಲ್ಲಿಗೆ ಎಷ್ಟು ದೂರ ಎಂದು ಅಳೆಯಿರಿ, ಬ್ಲೇಡು ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಎರಡೂ ಒಂದೇ ಇರಬೇಕು. ಬೇರೆ ಹಲ್ಲು ಹಿಡಿದು ಅಳೆದರೆ ಬ್ಲೇಡಿನ ಸಣ್ಣ ಸೊಟ್ಟವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಇದು ಸರಿಯಿಲ್ಲದಿದ್ದರೆ ಮುಂದೆ ಮಾಡುವ ಎಲ್ಲ ಜಿಗ್ಗೂ ತಪ್ಪೇ.

ಮೊದಲ ಜಿಗ್ ಅಡ್ಡ ಕೊಯ್ಯುವ ಸ್ಲೆಡ್. ನನ್ನ ಕೇಳಿದರೆ ಇದೊಂದನ್ನೇ ಚೆನ್ನಾಗಿ ಮಾಡಿಕೊಂಡರೂ ಮನೆಯ ಕೆಲಸದ ಮುಕ್ಕಾಲು ಪಾಲು ನಡೆಯುತ್ತದೆ. 12 ಮಿ.ಮೀ. ಪ್ಲೈವುಡ್ಡಿನ ಒಂದು ತಳಹಲಗೆ, ಕೆಳಗೆ ಸ್ಲಾಟಿನಲ್ಲಿ ಜಾರುವ ಎರಡು ರನ್ನರ್, ಮೇಲೆ ಹಿಂದೆ-ಮುಂದೆ ಅಡ್ಡಪಟ್ಟಿಗಳಾಗಿ ಎರಡು ಫೆನ್ಸ್. ಅಷ್ಟೇ. 1906ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಆಲ್ಟೆಂಡಾರ್ಫ್ ಜಾರುವ ಮೇಜಿನ ಗರಗಸ ರೂಪಿಸಿದರಲ್ಲ, ಅದರ ಹಿಂದಿದ್ದ ಯೋಚನೆಯೂ ಇದೇ: ಮರ ಮೇಜಿನ ಮೇಲೆ ಉಜ್ಜಿಕೊಂಡು ಹೋಗಬಾರದು, ಮರವನ್ನು ಹೊತ್ತ ಮೇಜೇ ಹೋಗಬೇಕು.

ರನ್ನರ್ ಹೊಂದಿಸುವುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ದೊಡ್ಡ ಗರಗಸಗಳಲ್ಲಿ ಸ್ಲಾಟು ಸಾಮಾನ್ಯವಾಗಿ 19 ಮಿ.ಮೀ. ಅಗಲ ಇರುತ್ತದೆ, ಸಣ್ಣವುಗಳಲ್ಲಿ ಒಂದೊಂದು ಕಂಪನಿಗೆ ಒಂದೊಂದು. ಅದಕ್ಕೇ ಯಾರೋ ಬರೆದ ಅಳತೆ ನಂಬಬೇಡಿ, ನಿಮ್ಮ ಸ್ಲಾಟನ್ನೇ ಅಳೆಯಿರಿ. ರನ್ನರಿನ ಎತ್ತರ ಸ್ಲಾಟಿನ ಆಳಕ್ಕಿಂತ ಸ್ವಲ್ಪ ಕಡಿಮೆ ಇರಲಿ. ಅಂಟಿಸುವಾಗ ಸ್ಲಾಟಿನೊಳಗೆ ನಾಣ್ಯ ಇಟ್ಟು, ಅದರ ಮೇಲೆ ರನ್ನರ್ ಕೂರಿಸಿ, ಮೇಜಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಬರುವ ಹಾಗೆ ನೋಡಿಕೊಳ್ಳಿ. ಅಂಟು ಹಚ್ಚಿ, ತಳಹಲಗೆಯನ್ನು ಮೇಲಿಟ್ಟು ಭಾರ ಹೇರಿದರೆ ಎರಡು ರನ್ನರೂ ತಾವಾಗಿಯೇ ಸ್ಲಾಟಿಗೆ ನೇರವಾಗಿ ಅಂಟಿಕೊಳ್ಳುತ್ತವೆ. ಅಂಟು ಒಣಗಿದ ಮೇಲೆ ಕೆಳಗಿನಿಂದ ಸ್ಕ್ರೂ ಹಾಕಿ, ಮೊದಲು ತೂತು ಕೊರೆದುಕೊಂಡು. ತೂತಿಲ್ಲದೆ ಸ್ಕ್ರೂ ತಿರುಗಿಸಿದರೆ ರನ್ನರ್ ಅಲ್ಲಿ ಉಬ್ಬುತ್ತದೆ, ಉಬ್ಬಿದ ಜಾಗದಲ್ಲಿ ಸ್ಲೆಡ್ ಸಿಕ್ಕಿಕೊಳ್ಳುತ್ತದೆ.

ನನ್ನ ಮೊದಲ ರನ್ನರ್ ಗಟ್ಟಿ ಮರದ್ದು. ಬಿಸಿಲಿನ ದಿನಗಳಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಮಳೆ ಹಿಡಿದು ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಸ್ಲಾಟಿನಲ್ಲಿ ಕಚ್ಚಿಕೊಂಡು ನಿಂತಿತು. ಉಜ್ಜಿ ಸರಿಮಾಡಿದೆ. ಮತ್ತೆ ಬಿಸಿಲು ಬಂದಾಗ ಸಡಿಲವಾಗಿ ಅಲ್ಲಾಡತೊಡಗಿತು. ಮರ ಅಗಲಕ್ಕೆ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ, ಅದರ ಜೊತೆ ಜಗಳಾಡಿ ಉಪಯೋಗವಿಲ್ಲ. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆಯಿಂದ ಪಟ್ಟಿ ಸೀಳಿ ಹಾಕಿದೆ. ಅದಕ್ಕೆ ತೇವದ ಹಂಗಿಲ್ಲ. ಅಂಟು ಮಾತ್ರ ಹಿಡಿಯುವುದಿಲ್ಲ, ಸ್ಕ್ರೂ ಮೇಲೇ ನಿಲ್ಲಬೇಕು.

ಎರಡು ಫೆನ್ಸುಗಳಲ್ಲಿ ಆಚೆ ತುದಿಯದು, ಬ್ಲೇಡು ತಳಹಲಗೆಯನ್ನು ಸೀಳಿದಾಗ ಸ್ಲೆಡ್ ಎರಡು ಹೋಳಾಗದಂತೆ ಹಿಡಿಯುವುದಕ್ಕೆ ಮಾತ್ರ. ಅದರ ಮೂಲೆ ನೋಡುತ್ತಾ ಸುಮ್ನೆ ಹೊತ್ತು ಕಳೆಯಬೇಡಿ. ನಮ್ಮ ಹತ್ತಿರ ಇರುವ ಫೆನ್ಸ್ ಮಾತ್ರ ಬ್ಲೇಡಿನ ಗೆರೆಗೆ 90 ಡಿಗ್ರಿ ಇರಬೇಕು. ಅದನ್ನು ಒಂದು ತುದಿಯಲ್ಲಿ ಒಂದೇ ಸ್ಕ್ರೂ ಹಾಕಿ, ಇನ್ನೊಂದು ತುದಿಯನ್ನು ಕ್ಲಾಂಪಿನಲ್ಲಿ ಹಿಡಿದಿಡಿ, ಸರಿಸಲು ಬರುವ ಹಾಗೆ. ಮೂಲೆಮಟ್ಟ ಇಟ್ಟು ಕಣ್ಣಿಗೆ ಸರಿ ಕಂಡಿತು ಅಂತ ಅಂಟಿಸಿಬಿಟ್ಟರೆ ಆಮೇಲೆ ದಾರಿಯಿಲ್ಲ.

ಸರಿಯಿದೆಯೇ ಎಂದು ತಿಳಿಯಲು ಐದು ಕೊಯ್ತದ ಪರೀಕ್ಷೆ ಇದೆ. ಇದನ್ನು ಕಲಿತ ದಿನ ನನಗಾದ ಸಂತೋಷ ಈಗಲೂ ನೆನಪಿದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ 40 ಸೆಂ.ಮೀ. ಚೌಕದ ಒಂದು ತುಂಡು ತಗೊಳ್ಳಿ. ಒಂದು ಬದಿ ಕೊಯ್ಯಿರಿ. ಕೊಯ್ದ ಬದಿ ಫೆನ್ಸಿಗೆ ತಾಗುವಂತೆ ತಿರುಗಿಸಿ ಮುಂದಿನ ಬದಿ ಕೊಯ್ಯಿರಿ. ಹೀಗೆ ಒಂದೇ ದಿಕ್ಕಿಗೆ ತಿರುಗಿಸುತ್ತಾ ನಾಲ್ಕೂ ಬದಿ ಮುಗಿಸಿ. ಐದನೆಯದಾಗಿ, ಮೊದಲು ಕೊಯ್ದ ಬದಿಯಿಂದಲೇ ಎರಡು ಬೆರಳಗಲದ ಪಟ್ಟಿ ತೆಗೆಯಿರಿ. ಫೆನ್ಸಿನ ಕಡೆ ಯಾವ ತುದಿ ಇತ್ತು ಅಂತ ಪೆನ್ಸಿಲ್ಲಿನಲ್ಲಿ ಬರೆದಿಡಿ. ಈಗ ಪಟ್ಟಿಯ ಎರಡೂ ತುದಿಯ ಅಗಲವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ. ಒಂದು ಕಡೆ 0.8 ಮಿ.ಮೀ. ಜಾಸ್ತಿ ಬಂತು ಅಂದುಕೊಳ್ಳಿ. ಒಂದೊಂದು ಸಲ ತಿರುಗಿಸಿದಾಗಲೂ ತಪ್ಪು ಕೂಡುತ್ತಾ ಬಂದು ಇಲ್ಲಿ ನಾಲ್ಕು ಪಟ್ಟಾಗಿದೆ. ಹಾಗಾಗಿ ನಿಜವಾದ ತಪ್ಪು 40 ಸೆಂ.ಮೀ. ಉದ್ದಕ್ಕೆ 0.2 ಮಿ.ಮೀ. ನಿಮ್ಮ ಫೆನ್ಸಿನ ಸ್ಕ್ರೂಗೂ ಸರಿಯುವ ತುದಿಗೂ 60 ಸೆಂ.ಮೀ. ದೂರ ಇದ್ದರೆ ಆ ತುದಿಯನ್ನು 0.3 ಮಿ.ಮೀ. ಸರಿಸಿ. ಫೆನ್ಸಿನ ಹಿಂದೆ ಒಂದು ಮರದ ತುಂಡನ್ನು ಕ್ಲಾಂಪ್ ಮಾಡಿ, ಮಧ್ಯೆ ಫೀಲರ್ ಗೇಜ್ (ದಪ್ಪ ಗೊತ್ತಿರುವ ತೆಳು ಉಕ್ಕಿನ ಪಟ್ಟಿ) ಇಟ್ಟು ಸರಿಸಿದರೆ ಇಷ್ಟು ಸಣ್ಣ ಅಳತೆಯೂ ಸಲೀಸಾಗಿ ಸಿಗುತ್ತದೆ. ಮತ್ತೆ ಕೊಯ್ದು ನೋಡಿ. ತಪ್ಪು ಎರಡರಷ್ಟಾಗಿದ್ದರೆ ಸರಿಸಿದ ದಿಕ್ಕು ತಪ್ಪು, ಆಚೆ ಕಡೆಗೆ ಸರಿಸಬೇಕು. ಮೂಲೆಮಟ್ಟಕ್ಕೆ ಕಾಣದ ತಪ್ಪು ಇಲ್ಲಿ ಕೈಗೆ ಸಿಗುತ್ತದೆ. ಸರಿಹೋದ ಮೇಲೆ ಉಳಿದ ಸ್ಕ್ರೂಗಳನ್ನು ಹಾಕಿ.

ಸ್ಲೆಡ್ಡಿನಲ್ಲಿ ಇನ್ನೊಂದು ಅಪಾಯದ ಜಾಗವಿದೆ. ಅದನ್ನು ಹೇಳದೆ ಈ ಪತ್ರ ಮುಗಿಸಿದರೆ ತಪ್ಪಾಗುತ್ತದೆ. ಕೊಯ್ತ ಮುಗಿಯುವಾಗ ಬ್ಲೇಡು ಹತ್ತಿರದ ಫೆನ್ಸನ್ನು ಸೀಳಿ ನಮ್ಮ ಕಡೆಗೆ ಹೊರಗೆ ಬರುತ್ತದೆ. ಹೆಬ್ಬೆರಳು ಇರುವುದು ಅಲ್ಲೇ. ಆ ಜಾಗದಲ್ಲಿ ದಪ್ಪ ಮರದ ದಿಮ್ಮಿಯೊಂದನ್ನು ಅಂಟಿಸಿ, ಕೆಂಪು ಬಣ್ಣ ಬಳಿಯಿರಿ. ಅಂಟು ಮಾತ್ರ, ಸ್ಕ್ರೂ ಬೇಡ. ಬ್ಲೇಡಿನ ದಾರಿಯಲ್ಲಿ ಕಬ್ಬಿಣ ಇರಲೇಬಾರದು. ಬ್ಲೇಡು ಆ ದಿಮ್ಮಿಯೊಳಗೇ ಉಳಿಯುವ ಹಾಗೆ, ಸ್ಲೆಡ್ ಒಂದು ಮಿತಿ ದಾಟಿ ಮುಂದೆ ಹೋಗದಂತೆ ಮೇಜಿಗೆ ಒಂದು ತಡೆಯನ್ನೂ ಹಾಕಿ. ಇನ್ನೊಂದು ಮಾತು: ಸ್ಲೆಡ್ ಇಟ್ಟಾಗ ಗರಗಸದ ಜೊತೆ ಬಂದ ಮೇಲಿನ ಗಾರ್ಡನ್ನು ತೆಗೆಯಬೇಕಾಗುತ್ತದೆ. ಹಾಗಾಗಿ ಎರಡು ಫೆನ್ಸುಗಳ ಮೇಲೆ ಸೇತುವೆಯ ಹಾಗೆ ಅಕ್ರಿಲಿಕ್ ಪಟ್ಟಿ ಕೂರಿಸಿಕೊಳ್ಳಿ. ಬ್ಲೇಡು ಕಾಣುತ್ತದೆ, ಕೈ ಹೋಗುವುದಿಲ್ಲ.

ಫೆನ್ಸಿನ ಕೆಳಗಿನ ಅಂಚನ್ನು ಸ್ವಲ್ಪ ಓರೆಯಾಗಿ ಕೆತ್ತುವುದನ್ನೂ ಮರೆಯಬೇಡಿ. ಹೊಟ್ಟು ಅಲ್ಲಿಗೆ ಹೋಗಿ ಕೂರುತ್ತದೆ. ಇಲ್ಲದಿದ್ದರೆ ಹೊಟ್ಟಿನ ಒಂದು ಕಾಳು ಮರವನ್ನು ಫೆನ್ಸಿನಿಂದ ದೂರ ತಳ್ಳಿ, ನೀವು ಅಷ್ಟು ಕಷ್ಟಪಟ್ಟು ತಂದ 90 ಡಿಗ್ರಿಯನ್ನು ಕೆಡಿಸುತ್ತದೆ.

ಉದ್ದಕ್ಕೆ ಸೀಳುವಾಗ ಸ್ಲೆಡ್ ಬರುವುದಿಲ್ಲ, ಪುಶ್ ಬ್ಲಾಕ್ ಬೇಕು. ಕೋಲಿಗಿಂತ ಇದೇ ವಾಸಿ. ಕೋಲು ಹಿಂದಿನಿಂದ ತಳ್ಳುತ್ತದೆ ಅಷ್ಟೇ, ಉದ್ದವಾದ ಬ್ಲಾಕ್ ಮರವನ್ನು ಮೇಲಿನಿಂದ ಒತ್ತಿಯೂ ಹಿಡಿಯುತ್ತದೆ. ಕೆಳಗೆ ಹಿಂದುಗಡೆ ಒಂದು ಹಿಮ್ಮಡಿ ಇದ್ದರೆ ಸಾಕು. ಬ್ಲೇಡು ಅದನ್ನು ಕೊಯ್ದರೆ ಕೊಯ್ಯಲಿ, ಅದು ಇರುವುದೇ ಕೊಯ್ಸಿಕೊಳ್ಳುವುದಕ್ಕೆ. ಹಾಳಾದಾಗ ಹೊಸದು ಮಾಡಲು ಹತ್ತು ನಿಮಿಷ ಸಾಕು. ಮರವನ್ನು ಫೆನ್ಸಿಗೆ ಒತ್ತಿ ಹಿಡಿಯುವ ಫೆದರ್‌ಬೋರ್ಡ್ ಕೂಡ ಹೀಗೇ ಸುಲಭ: ನೇರ ಎಳೆಯ ಹಲಗೆಯ ತುದಿಯನ್ನು 30 ಡಿಗ್ರಿ ಓರೆ ಕೊಯ್ದು, ಅದರಲ್ಲಿ ಬಾಚಣಿಗೆಯ ಹಾಗೆ 6 ಮಿ.ಮೀ.ಗೊಂದು ಸೀಳು ಹಾಕುವುದು. ಮರ ಮುಂದೆ ಹೋಗುತ್ತದೆ, ಹಿಂದಕ್ಕೆ ಬರಲು ಹಲ್ಲುಗಳು ಬಿಡುವುದಿಲ್ಲ. ಆದರೆ ಅದನ್ನು ಬ್ಲೇಡಿಗಿಂತ ಮುಂಚಿನ ಜಾಗದಲ್ಲೇ ಇಡಬೇಕು. ಬ್ಲೇಡಿನ ಪಕ್ಕಕ್ಕೆ ಇಟ್ಟರೆ ಸೀಳಿದ ಸಂದನ್ನೇ ಒತ್ತಿ ಬ್ಲೇಡನ್ನು ಹಿಸುಕುತ್ತದೆ, ಆಗ ತಡೆಯಬೇಕಾದದ್ದನ್ನೇ ಅದು ಕರೆದು ತಂದಂತೆ.

ಒಂದೇ ಅಳತೆಯ ಹತ್ತು ತುಂಡು ಬೇಕಾದಾಗ ಕೆಲವರು ಗರಗಸದ ಫೆನ್ಸನ್ನೇ ತಡೆಯಾಗಿ ಇಟ್ಟುಕೊಂಡು, ಸ್ಲಾಟಿನಲ್ಲಿ ಜಾರುವ ಅಡ್ಡ ಆಸರೆಯಾದ ಮೈಟರ್ ಗೇಜಿನಲ್ಲಿ ತಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಯ್ದ ತುಂಡು ಬ್ಲೇಡಿಗೂ ಫೆನ್ಸಿಗೂ ಮಧ್ಯೆ ಸಿಕ್ಕಿ ಚಿಮ್ಮುತ್ತದೆ. ಸರಿಯಾಗಿ 25 ಮಿ.ಮೀ. ದಪ್ಪದ ತುಂಡೊಂದನ್ನು ಫೆನ್ಸಿನ ಒಳಮೈಗೆ, ಬ್ಲೇಡಿಗಿಂತ ಸಾಕಷ್ಟು ಮುಂಚೆ, ನಮ್ಮ ಕಡೆಗೆ ಕ್ಲಾಂಪ್ ಮಾಡಿ. ಮರ ಅದಕ್ಕೆ ತಾಗಿ ಅಳತೆ ಹಿಡಿಯುತ್ತದೆ, ಆಮೇಲೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಕೊಯ್ಯುವ ಹೊತ್ತಿಗೆ ಪಕ್ಕದಲ್ಲಿ ಜಾಗ ಖಾಲಿ. ಬೇಕಾದ ತುಂಡಿನ ಅಳತೆಗೆ 25 ಮಿ.ಮೀ. ಸೇರಿಸಿ ಫೆನ್ಸ್ ಇಟ್ಟರೆ ಲೆಕ್ಕ ಮುಗಿಯಿತು.

ಮೇಜಿನ ಓರೆ ಕಾಲಿಗೆ ಬೇಕಾದ ಟೇಪರ್ ಜಿಗ್ ಇನ್ನೂ ಸುಲಭ. ನೇರ ಅಂಚಿನ ಒಂದು ಹಲಗೆ, ಬ್ಲೇಡಿನ ಕಡೆಯ ಅದರ ಅಂಚಿಗೆ ಸರಿಯಾಗಿ ಕಾಲಿನ ಮೇಲಿನ ಪೆನ್ಸಿಲ್ ಗೆರೆ ಹೊಂದಿಸಿಟ್ಟು, ಪಕ್ಕಕ್ಕೊಂದು ಹಿಂದಕ್ಕೊಂದು ರೀಪು ಹೊಡೆದು, ಮೇಲೆ ಹಿಡಿ ಒತ್ತಿದರೆ ಬಿಗಿಯುವ ಎರಡು ಟಾಗಲ್ ಕ್ಲಾಂಪ್. ಕೋನದ ಲೆಕ್ಕವೇ ಬೇಡ. ಗೆರೆ ಎಲ್ಲಿದೆಯೋ ಅಲ್ಲೇ ಕೊಯ್ಯುತ್ತದೆ.

ಎಲ್ಲ ಜಿಗ್ಗಿನ ತಳಕ್ಕೂ ಮೇಣ ಉಜ್ಜಿ. ಎಣ್ಣೆ ಬೇಡ, ಸಿಲಿಕೋನ್ ಸ್ಪ್ರೇ ಅಂತೂ ಬೇಡವೇ ಬೇಡ, ಅದು ಮರಕ್ಕೆ ಹತ್ತಿದರೆ ಆಮೇಲೆ ಪಾಲಿಶ್ ಹಿಡಿಯುವುದಿಲ್ಲ. ಕೈಗವಸು ಹಾಕಿಕೊಂಡು ಗರಗಸದ ಹತ್ತಿರ ಹೋಗಬೇಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲಿ.

ಸಂಪಾದಕರೇ, ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಮರಗೆಲಸದ ಬರಹ ಹಾಕುವಾಗ ಮುಗಿದ ಮೇಜಿನ ಚಿತ್ರದ ಪಕ್ಕದಲ್ಲಿ ಆ ಮೇಜಿನ ಕಾಲನ್ನು ಕೊಯ್ದ ಜಿಗ್ಗಿನ ಚಿತ್ರವನ್ನೂ ಹಾಕಿ. ಗಾರ್ಡ್ ತೆಗೆದು, ಬ್ಲೇಡಿನ ಪಕ್ಕ ಬರಿಗೈ ಇಟ್ಟು ನಗುತ್ತಾ ನಿಂತ ಚಿತ್ರ ಬಂದರೆ ಅದನ್ನು ಅಚ್ಚು ಹಾಕಬೇಡಿ, ಬೇರೆ ಚಿತ್ರ ಕೇಳಿ. ಕೆಲಸ ಮಾಡಿದವರನ್ನು ಮಾತಾಡಿಸುವಾಗ ಯಾವ ಮರ, ಯಾವ ಪಾಲಿಶ್ ಅಂತ ಕೇಳುತ್ತೀರಲ್ಲ, ಹಾಗೆಯೇ ಕೊಯ್ಯುವಾಗ ತುಂಡನ್ನು ಹೇಗೆ ಹಿಡಿದಿರಿ ಅಂತಲೂ ಒಂದು ಪ್ರಶ್ನೆ ಕೇಳಿ.

ಇಂತಿ,
ಮನೆಯಲ್ಲೇ ಮರಗೆಲಸ ಮಾಡುವ ಒಬ್ಬ ಓದುಗ