ಪಂಪ್‌ಸೆಟ್‌ಗೊಂದು ಸಿಮ್ ಯಾಕೆ, ಊರಿಗೊಂದು ಗೇಟ್‌ವೇ ಹಾಕ್ಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ತಿಪಟೂರು ಕಡೆ ಹಳ್ಳಿಗಳಲ್ಲಿ ಹದಿನೈದು ವರ್ಷದಿಂದ ಪಂಪ್‌ಸೆಟ್ ಪ್ಯಾನೆಲ್ ಬೋರ್ಡ್ ರಿಪೇರಿ ಮಾಡ್ಕೊಂಡಿರೋನು. ಮೊದ್ಲೆಲ್ಲ ಕಾಂಟ್ಯಾಕ್ಟರ್ ಒಳಗೆ ಹಲ್ಲಿ ಸಿಕ್ಕಾಕೊಂಡಿದೆ, ಕಾಯಿಲ್ ಸುಟ್ಟಿದೆ ಅಂತ ಫೋನ್ ಬರೋದು, ಈಗ ಬರೋ ಫೋನಲ್ಲಿ ಅರ್ಧಕ್ಕರ್ಧ "ಅಣ್ಣ, ಮೊಬೈಲ್ ಸ್ಟಾರ್ಟರ್ ಮಾತೇ ಕೇಳ್ತಿಲ್ಲ" ಅಂತ. ಒಳಗೆ ಸಿಮ್ ಹಾಕಿ, ಫೋನ್ ಮಾಡಿ ಮೋಟ್ರು ಆನ್-ಆಫ್ ಮಾಡೋ ಡಬ್ಬ ಅದು. ಹೋಗಿ ಬಿಚ್ಚಿದ್ರೆ ಬೋರ್ಡ್ ಚೆನ್ನಾಗೇ ಇರುತ್ತೆ, ಒಳಗಿರೋ ಸಿಮ್‌ಗೆ ರೀಚಾರ್ಜ್ ಮುಗಿದಿರುತ್ತೆ, ಇಲ್ಲಾಂದ್ರೆ ತೋಟದಲ್ಲಿ ಸಿಗ್ನಲ್ಲೇ ಇರಲ್ಲ. 10 ಎಚ್‌ಪಿವರೆಗೆ ಕರೆಂಟ್ ಫ್ರೀ, ಆದ್ರೆ ಸಿಮ್‌ಗೆ ತಿಂಗಳು ತಿಂಗಳು ದುಡ್ಡು.

ಹೋದ ಬೇಸಿಗೇಲಿ ನಮ್ಮ ಚಿಕ್ಕಪ್ಪಂಗೆ ಹಿಂಗೇ ಆಯ್ತು. ರಾತ್ರಿ ಒಂದೂವರೆಗೆ ತ್ರೀ ಫೇಸ್ ಬಂತು, ಮೋಟ್ರು ಆನ್ ಆಯ್ತು, ಆ ಬೋರಲ್ಲಿ ಒಂದು ಗಂಟೆ ಮೇಲೆ ನೀರು ಸಿಗಲ್ಲ, ಆಫ್ ಮಾಡೋಣ ಅಂತ ಕಾಲ್ ಮಾಡಿದ್ರೆ ಹೋಗ್ತಾನೇ ಇಲ್ಲ, ಸ್ಟಾರ್ಟರ್ರು ನೀರು ಖಾಲಿಯಾದ್ರೆ ತಾನೇ ಆಫ್ ಆಗೋ ಡ್ರೈ ರನ್ ಟ್ರಿಪ್ ಇಲ್ಲದ ಹಳೇದು, ಟಾರ್ಚ್ ಹಿಡ್ಕೊಂಡು ಎರಡು ಕಿಲೋಮೀಟರ್ ಹೋಗೋಷ್ಟರಲ್ಲಿ ವೈಂಡಿಂಗ್ ಕರಕಲಾಗಿತ್ತು. ಬೆಳಗ್ಗೆ ಮೋಟ್ರು ಮೇಲೆತ್ತೋವಾಗ ಅವ್ರ ಮುಖ ನೋಡೋಕಾಗ್ಲಿಲ್ಲ ನಂಗೆ.

ಪಂಪ್‌ಸೆಟ್ ಹೇಳ್ಬೇಕಾಗಿರೋದಾದ್ರೂ ಎಷ್ಟು? ಆನ್ ಇದೀನಾ ಆಫ್ ಇದೀನಾ, ವೋಲ್ಟೇಜ್ ಎಷ್ಟು, ಆಂಪ್ಸ್ ಎಷ್ಟು, ಎಲ್ಲಾ ಸೇರಿ ಹತ್ತಿಪ್ಪತ್ತು ಅಕ್ಷರ. ಇಷ್ಟಕ್ಕೇ ಅಂತ ಇರೋ ರೇಡಿಯೋ ಟೆಕ್ನಾಲಜಿ ಒಂದಿದೆ, ಹೆಸರು ಲೋರಾ. ತೋಟದ ಆ ತುದೀಲಿರೋರನ್ನ ಕರೀಬೇಕಾದ್ರೆ ನಾವು ಗಡಗಡ ಮಾತಾಡಲ್ಲ, ಓ... ಅಂತ ಎಳೆದು ಕೂಗ್ತೀವಲ್ಲ, ಅದೇ ಲೆಕ್ಕ ಇದು. ವೈಫೈ ಗಡಗಡ ಮಾತಾಡುತ್ತೆ, ನಾಲ್ಕು ಗೋಡೆ ದಾಟೋಷ್ಟರಲ್ಲಿ ಸುಸ್ತು. ಲೋರಾ ತೀರಾ ನಿಧಾನ, ದೂರಕ್ಕೆ ಅಂತ ಸೆಟ್ ಮಾಡಿದ್ರೆ ಸೆಕೆಂಡಿಗೆ 300 ಬಿಟ್ ಡೇಟಾ ಕೂಡ ಹೋಗಲ್ಲ, ಆದ್ರೆ ಬಯಲಲ್ಲಿ ಕಿಲೋಮೀಟರ್‌ಗಟ್ಲೆ ಮುಟ್ಟುತ್ತೆ. ಸಣ್ಣ ಸೆನ್ಸರ್ ಆದ್ರೆ ಒಂದೇ ಬ್ಯಾಟರೀಲಿ ವರ್ಷಗಟ್ಲೆ ಬಾಳುತ್ತೆ. ಲೈಸೆನ್ಸೂ ಬೇಡ, ಕೇಂದ್ರ ಸರ್ಕಾರ 2005ರಲ್ಲೇ 865ರಿಂದ 867 ಮೆಗಾಹರ್ಟ್ಸ್ ಬ್ಯಾಂಡನ್ನ 1 ವ್ಯಾಟ್ ಪವರ್‌ವರೆಗೆ ಲೈಸೆನ್ಸ್ ಇಲ್ಲದೇ ಬಳಸ್ಬಹುದು ಅಂತ ಮಾಡಿದೆ, ಆಮೇಲೆ 868ರವರೆಗೆ ಹೆಚ್ಚಿಸಿದಾರೆ. ಆನ್‌ಲೈನಲ್ಲಿ ತಗೊಳೋರು ಮಾತ್ರ ಹುಷಾರು, 915 ಅಂತ ಬರೆದಿರೋ ಮಾಡ್ಯೂಲ್ (ಲೋರಾ ರೇಡಿಯೋ ಬೋರ್ಡು) ಅಮೆರಿಕದ ಲೆಕ್ಕದ್ದು, ಇಲ್ಲಿ ಹಾಕ್ಬಾರ್ದು.

ನಾನೇ ಎರಡು ಮಾಡ್ಯೂಲ್ ತರ್ಸಿ ನೋಡಿದೆ. ಎಂಟೂವರೆ ಸೆಂಟಿಮೀಟರ್ ತಾಮ್ರದ ತಂತಿ ಕತ್ತರಿಸಿ ಬೆಸುಗೆ ಹಾಕಿದ್ರೆ ಅದೇ ಆಂಟೆನಾ! ಒಂದನ್ನ ಮನೆ ತಾರಸಿ ಮೇಲೆ ಪೈಪಿಗೆ ಕಟ್ಟಿ ಇನ್ನೊಂದನ್ನ ಹಿಡ್ಕೊಂಡು ಬೈಕಲ್ಲಿ ಹೋದೆ. ಚಿಕ್ಕಪ್ಪನ ಬೋರ್ ಹತ್ರ ನನ್ನ ಫೋನಲ್ಲಿ ಒಂದು ಕಡ್ಡೀನೂ ಇರ್ಲಿಲ್ಲ, ಅಲ್ಲಿ ತೆಂಗಿನ ಮರಗಳ ಮಧ್ಯೆ ಆ ಪುಟ್ಟ ಬೋರ್ಡಿನ ಹಸಿರು ಲೈಟು ಮಿಂಚಿ ಮನೆಯಿಂದ ಉತ್ತರ ಬಂದಾಗ ನಿಜವಾಗ್ಲೂ ಮೈ ಜುಂ ಅಂತು. ಕೆರೆ ಏರಿ ಇಳಿದ ಮೇಲೆ ಕಟ್ಟಾಯ್ತು, ಹಾಗಾಗಿ ಆಂಟೆನಾ ಎತ್ತರದಲ್ಲಿರ್ಬೇಕು, ಅದು ತುಂಬಾ ಮುಖ್ಯ.

ಇನ್ನೊಂದು ಭಯ ಇದೆ. ನಮ್ಮ ಕಡೆ ಇರೋ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಬಹುಪಾಲು 2ಜಿ ಬೋರ್ಡು. ಜಪಾನಲ್ಲಿ 2012ಕ್ಕೇ 2ಜಿ ಮುಚ್ಚಿದ್ರು, ನಮ್ಮಲ್ಲೇ ಜಿಯೋಗೆ 2ಜಿ ಇಲ್ವೇ ಇಲ್ಲ, ಆ ಸಿಮ್ ಹಾಕಿ ಸ್ಟಾರ್ಟರ್ ನಡೀತಿಲ್ಲ ಅಂತ ನನ್ನ ಹತ್ರ ಬಂದೋರು ಎಷ್ಟೋ ಜನ. ನಾಳೆ ಉಳಿದೋರೂ ನಿಲ್ಸಿದ್ರೆ ಈ ಡಬ್ಬಗಳೆಲ್ಲ ಗುಜರಿಗೆ.

ಅದಕ್ಕೇ ನನ್ನ ಕೋರಿಕೆ, ಗ್ರಾಮ ಪಂಚಾಯಿತಿಗಳಿಗೆ ಇಂಟರ್ನೆಟ್‌ಗೆ ಅಂತ ಸರ್ಕಾರದ ಭಾರತ್‌ನೆಟ್ ಫೈಬರ್ ಎಳೆದಿದಾರಲ್ಲ, ಅದು ನಡೀತಿರೋ ಕಡೆ ಊರ ಓವರ್‌ಹೆಡ್ ಟ್ಯಾಂಕ್ ಮೇಲೆ ಒಂದು ಲೋರಾ ಗೇಟ್‌ವೇ, ಅಂದ್ರೆ ಲೋರಾ ಮೆಸೇಜ್ ಹಿಡಿದು ಇಂಟರ್ನೆಟ್‌ಗೆ ದಾಟ್ಸೋ ಡಬ್ಬ, ಕೂರ್ಸಿ ಅದಕ್ಕೆ ಕನೆಕ್ಷನ್ ಕೊಡ್ಲಿ. ಸುತ್ತಲಿನ ನೂರಾರು ಬೋರಿಗೆ ಅದೊಂದೇ ಸಾಕಾಗುತ್ತೆ, ಟ್ಯಾಂಕ್ ತುಂಬಿ ಹರಿಯೋದೂ ನೀರುಗಂಟಿಗೆ ಗೊತ್ತಾಗುತ್ತೆ. ಆದ್ರೆ ಬೀಗ ಇಲ್ಲದೇ ಹಾಕ್ಬಾರ್ದು, ಗಾಳೀಲಿ ಹೋಗೋ ಮೆಸೇಜು ಯಾರ್ ಬೇಕಾದ್ರೂ ಕೇಳ್ಬಹುದು, ಲೋರಾವ್ಯಾನ್ ಅನ್ನೋ ಪದ್ಧತೀಲಿ ಮೆಸೇಜಿಗೆ ಬೀಗ ಹಾಕೋಕೆ 128 ಬಿಟ್ ಕೀ, ಅಂದ್ರೆ ಉದ್ದದ ಗುಟ್ಟಿನ ಸಂಖ್ಯೆ, ಇದೆ, ಒಂದೊಂದು ಪಂಪ್‌ಸೆಟ್‌ಗೂ ಬೇರೆ ಬೇರೆ ಕೀ ಕೊಡ್ಬೇಕು. ಮೊದ್ಲು ನಮ್ಮ ತಾಲ್ಲೂಕಲ್ಲಿ ಒಂದೇ ಒಂದು ಪಂಚಾಯಿತೀಲಿ ಮಾಡಿ ನೋಡ್ಲಿ, ಟ್ಯಾಂಕ್ ಮೇಲೆ ಹತ್ತಿ ಆಂಟೆನಾ ಕಟ್ಟೋ ಕೆಲ್ಸ ನಾನು ಕೂಲಿ ಇಲ್ಲದೇ ಮಾಡ್ಕೊಡ್ತೀನಿ.

ಇಂತಿ,
ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್
ತಿಪಟೂರು ತಾಲ್ಲೂಕು